ಎಳೆ ಕಡಿದರೆ ನಿಲ್ಲುವ ಮಗ್ಗ

ತಂತ್ರಾಂಶವೊಂದಕ್ಕೆ ಹೊಸ ಸೌಲಭ್ಯ ಸೇರಿದಾಗಲೆಲ್ಲ ಹಳೆಯ ಸೌಲಭ್ಯಗಳು ಮೊದಲಿನಂತೆಯೇ ನಡೆಯುತ್ತಿವೆಯೇ ಎಂದು ಯಾರಾದರೂ ನೋಡಲೇಬೇಕು. ಲಾಗಿನ್ ಆಗುತ್ತದೆಯೇ, ತಪ್ಪು ಪಾಸ್‌ವರ್ಡ್ ಕೊಟ್ಟರೆ ತಡೆಯುತ್ತದೆಯೇ, ಬಿಲ್ಲಿನ ಮೊತ್ತ ಸರಿಯಾಗಿ ಕೂಡುತ್ತದೆಯೇ, ರಸೀದಿ ಮುದ್ರಣವಾಗುತ್ತದೆಯೇ ಎಂಬಂಥ ನೂರಾರು ಪ್ರಶ್ನೆಗಳನ್ನು ತಂತ್ರಾಂಶದ ಪ್ರತಿ ಹೊಸ ರೂಪ, ಅಂದರೆ ಬಿಲ್ಡ್, ಬಂದಾಗಲೂ ಅದೇ ಕ್ರಮದಲ್ಲಿ ಕೇಳಬೇಕು, ಅದೇ ಉತ್ತರ ಬಂದಿತೆಂದು ಗುರುತು ಹಾಕಬೇಕು. ಬೆಂಗಳೂರಿನ ಕಂಪನಿಗಳಲ್ಲಿ ಈ ಕೆಲಸಕ್ಕೆ ಮ್ಯಾನುಯಲ್ ಟೆಸ್ಟಿಂಗ್ ಎನ್ನುತ್ತಾರೆ. ಅದನ್ನೇ ಒಂದು ಸ್ಕ್ರಿಪ್ಟ್ ಬರೆದು ಕಂಪ್ಯೂಟರಿಗೆ ಒಪ್ಪಿಸಿದರೆ ಟೆಸ್ಟ್ ಆಟೊಮೇಷನ್. ಒಪ್ಪಿಸಬೇಕೇ, ಎಷ್ಟು ಒಪ್ಪಿಸಬೇಕು, ಒಪ್ಪಿಸಿದರೆ ಆ ಕೆಲಸ ಮಾಡುತ್ತಿದ್ದವರ ಗತಿಯೇನು ಎಂಬ ಚರ್ಚೆ ಇಪ್ಪತ್ತು ವರ್ಷಗಳಿಂದ ನಡೆದಿದೆ. ಕಂಪ್ಯೂಟರಿನ ಜೊತೆಗೇ ಈ ಪ್ರಶ್ನೆಯೂ ಹುಟ್ಟಿತೆಂದು ಹಲವರು ಭಾವಿಸಿದ್ದಾರೆ. ಆದರೆ ದಾವಣಗೆರೆಯ ಹತ್ತಿ ಗಿರಣಿಗಳೂ ಅಲ್ಲಿಂದ ಸುಮಾರು 14 ಕಿಲೋಮೀಟರ್ ದೂರದ ಹರಿಹರದ ಲೇತ್ ಕಾರ್ಖಾನೆಯೂ ಇದೇ ಪ್ರಶ್ನೆಯನ್ನು ಎದುರಿಸಿದ್ದವು. ಆ ಎರಡು ಊರುಗಳ ಅನುಭವವನ್ನು ಒಟ್ಟಿಗೆ ಇಟ್ಟು ಓದಿದರೆ ನನಗೆ ಕಾಣುವುದು ಇಷ್ಟು: ಒಂದೇ ತಪಾಸಣೆಯನ್ನು ಮತ್ತೆ ಮತ್ತೆ ಮಾಡುವ ದುಡಿಮೆಯನ್ನು ಯಂತ್ರಕ್ಕೆ ಬಿಟ್ಟುಕೊಡುವುದೇ ಸರಿ. ಆದರೆ ಯಾವುದು ತಪ್ಪು, ಎಷ್ಟು ತಪ್ಪನ್ನು ಸಹಿಸಬಹುದು ಎಂದು ನಿರ್ಧರಿಸುವವರನ್ನು ಉಳಿಸಿಕೊಂಡು ಬೆಳೆಸದಿದ್ದರೆ ಆ ಬಿಡುಗಡೆ ಯಾರಿಗೂ ದಕ್ಕುವುದಿಲ್ಲ.

ದಾವಣಗೆರೆ ಮೊದಲಿನಿಂದಲೂ ವ್ಯಾಪಾರದ ಊರು. ಹೈದರ್ ಅಲಿ ಇದನ್ನು ಅಪೋಜಿರಾಮ ಎಂಬ ಮರಾಠ ಮುಖಂಡನಿಗೆ ಜಹಗೀರಾಗಿ ಕೊಟ್ಟನೆಂದೂ ಅವನು ವರ್ತಕರನ್ನು ಕರೆತಂದು ನೆಲೆಗೊಳಿಸಿದನೆಂದೂ ಗೆಜೆಟಿಯರುಗಳು ಹೇಳುತ್ತವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿನ ಕಂಬಳಿ ಹೆಸರುವಾಸಿಯಾಗಿತ್ತು. ಸುತ್ತಲಿನ ಎರೆಭೂಮಿಯಲ್ಲಿ ಹತ್ತಿ ಬೆಳೆಯುತ್ತಿತ್ತು. 1880ರ ದಶಕದ ಕೊನೆಗೆ ಬೆಂಗಳೂರಿನಿಂದ ಹರಿಹರದವರೆಗೆ ರೈಲು ಬಂದ ಮೇಲೆ ಆ ಹತ್ತಿ ದೂರದ ಪೇಟೆಗಳಿಗೆ ಸುಲಭವಾಗಿ ಹೋಗತೊಡಗಿತು. ಮಂಡಿ, ಜಿನ್ನಿಂಗ್, ಪ್ರೆಸ್ಸಿಂಗ್ ಬೆಳೆದ ಊರಿನಲ್ಲಿ 1930ರ ದಶಕದಲ್ಲಿ ಹತ್ತಿ ಗಿರಣಿ ಶುರುವಾಯಿತು. ಮುಂದಿನ ದಶಕಗಳಲ್ಲಿ ಗಿರಣಿಗಳ ಸಂಖ್ಯೆ ಹೆಚ್ಚಿ ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರು ಬಂತು. ಹತ್ತಿಯನ್ನು ಮಾರುವ ಊರು ಹತ್ತಿಯಿಂದ ನೂಲು ತೆಗೆದು ಬಟ್ಟೆ ನೇಯುವ ಊರಾಯಿತು. ಗಿರಣಿಯ ಪಾಳಿಯ ಪ್ರಕಾರವೇ ಸಾವಿರಾರು ಮನೆಗಳ ದಿನಚರಿ ನಡೆಯಿತು.

ಗಿರಣಿಯೊಳಗೆ ಕಾರ್ಮಿಕ ಮಾಡುತ್ತಿದ್ದ ಕೆಲಸ ಯಾವುದೆಂದು ಸೂಕ್ಷ್ಮವಾಗಿ ನೋಡಬೇಕು. ಎಳೆಯುವ, ಹೊಸೆಯುವ, ಲಾಳಿ ಒಗೆಯುವ ಕೆಲಸವೆಲ್ಲ ಆಗಲೇ ಯಂತ್ರದ್ದಾಗಿತ್ತು. ಮನುಷ್ಯನಿಗೆ ಉಳಿದದ್ದು ಬಹುಮಟ್ಟಿಗೆ ಕಾಯುವ ಕೆಲಸ. ನೂಲುವ ಯಂತ್ರದ ಸಾಲಿನುದ್ದಕ್ಕೂ ನಡೆಯುತ್ತ ಎಲ್ಲಿ ಎಳೆ ಕಡಿದಿದೆ ಎಂದು ನೋಡುವುದು, ಕಡಿದಲ್ಲಿ ಕೂಡಿಸುವುದು, ಮತ್ತೆ ನಡೆಯುವುದು. ಮಗ್ಗದ ಮುಂದೆಯೂ ಇದೇ ಸ್ಥಿತಿ. 1840ರ ದಶಕದಲ್ಲಿ ರೂಪುಗೊಂಡ ಲ್ಯಾಂಕಾಶೈರ್ ಮಗ್ಗದಲ್ಲಿ ಅಡ್ಡಡ್ಡ ಸಾಗುವ ಹೊಕ್ಕಿನ ನೂಲು ಕಡಿದರೆ ಅಥವಾ ಮುಗಿದರೆ ಒಂದು ಸಣ್ಣ ಕವಲುಕಡ್ಡಿ ಅದನ್ನು ಗ್ರಹಿಸಿ ಮಗ್ಗವನ್ನು ನಿಲ್ಲಿಸುತ್ತಿತ್ತು. ಉದ್ದಕ್ಕೆ ಹಾಯುವ ಹಾಸಿನ ಎಳೆ ಕಡಿದರೆ ಮಾತ್ರ ಆ ಮಗ್ಗಕ್ಕೆ ತಿಳಿಯುತ್ತಿರಲಿಲ್ಲ. ಸಾವಿರಕ್ಕೂ ಮೀರಿದ ಹಾಸಿನ ಎಳೆಗಳಲ್ಲಿ ಒಂದು ಕಡಿದು ಅದು ನೇಕಾರನ ಕಣ್ಣಿಗೆ ಬೀಳದಿದ್ದರೆ ಬಟ್ಟೆಯುದ್ದಕ್ಕೂ ಗೀರು ಬೀಳುತ್ತಿತ್ತು, ಆ ಥಾನು ಎರಡನೇ ದರ್ಜೆಗೆ ಇಳಿಯುತ್ತಿತ್ತು, ನೇಕಾರನ ಕೂಲಿಯಲ್ಲಿ ಕಡಿತವಾಗುತ್ತಿತ್ತು. ಹಾಗಾಗಿ ಭಾರತದ ಗಿರಣಿಗಳಲ್ಲಿ ಒಬ್ಬ ನೇಕಾರನಿಗೆ ಸಾಮಾನ್ಯವಾಗಿ ಎರಡೇ ಮಗ್ಗ. ಕಿವಿ ಕಿವುಡಾಗಿಸುವ ಸದ್ದಿನಲ್ಲಿ, ಹತ್ತಿಯ ಧೂಳಿನಲ್ಲಿ, ಎಂಟು ಗಂಟೆ ಕಾಲ ಎಳೆಗಳನ್ನೇ ದಿಟ್ಟಿಸುವ ಆ ದುಡಿಮೆಯನ್ನು ಕೌಶಲವೆಂದು ಹೊಗಳುವವರು ಅದರ ಬೆಲೆಯನ್ನೂ ಎಣಿಸಬೇಕು. ಎಳೆಯನ್ನು ಕೂಡಿಸುವ ಬೆರಳುಗಳಲ್ಲಿ ಕೌಶಲವಿತ್ತು, ಸಂದೇಹವಿಲ್ಲ. ಕಡಿದಿಲ್ಲ, ಕಡಿದಿಲ್ಲ ಎಂದು ಸಾವಿರ ಸಲ ಖಚಿತಪಡಿಸಿಕೊಳ್ಳುವುದರಲ್ಲಿ ಇದ್ದದ್ದು ದಣಿವು ಮಾತ್ರ.

ಈ ದಣಿವಿಗೆ ಹೊರಜಗತ್ತು ಆಗಲೇ ಪರಿಹಾರ ಕಂಡುಕೊಂಡಿತ್ತು. ಅಮೆರಿಕದ ಮ್ಯಾಸಚೂಸೆಟ್ಸಿನ ಡ್ರೇಪರ್ ಕಂಪನಿ 1890ರ ದಶಕದ ಮಧ್ಯದಲ್ಲಿ ಜೇಮ್ಸ್ ನಾರ್ತ್ರಾಪ್ ರೂಪಿಸಿದ ಸ್ವಯಂಚಾಲಿತ ಮಗ್ಗವನ್ನು ಮಾರಾಟಕ್ಕೆ ತಂದಿತು. ಹೊಕ್ಕಿನ ನೂಲು ಮುಗಿದರೆ ಅದು ತಾನೇ ಹೊಸ ನೂಲನ್ನು ತುಂಬಿಕೊಳ್ಳುತ್ತಿತ್ತು. ಅದಕ್ಕಿಂತ ಮುಖ್ಯವಾದದ್ದು ಹಾಸಿನ ಎಳೆಗಳಿಗೆ ಸಂಬಂಧಿಸಿದ ವ್ಯವಸ್ಥೆ. ಪ್ರತಿಯೊಂದು ಎಳೆಯ ಮೇಲೂ ತೆಳುವಾದ ಒಂದು ಲೋಹದ ಪಟ್ಟಿ ತೂಗುತ್ತಿರುತ್ತದೆ. ಎಳೆ ಬಿಗಿಯಾಗಿರುವ ತನಕ ಪಟ್ಟಿ ಮೇಲಿರುತ್ತದೆ, ಎಳೆ ಕಡಿದೊಡನೆ ಕೆಳಗೆ ಬೀಳುತ್ತದೆ, ಬಿದ್ದೊಡನೆ ಮಗ್ಗ ನಿಲ್ಲುತ್ತದೆ. ಜಪಾನಿನಲ್ಲಿ ಸಾಕಿಚಿ ತೊಯೊಡ 1924ರಲ್ಲಿ ಪೂರ್ಣಗೊಳಿಸಿದ ಜಿ ಮಾದರಿಯ ಮಗ್ಗವೂ ಇದೇ ತತ್ವವನ್ನು ಇನ್ನಷ್ಟು ನಯವಾಗಿ ಅಳವಡಿಸಿಕೊಂಡಿತ್ತು. ಅದರ ಹಕ್ಕನ್ನು 1929ರಲ್ಲಿ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಕಂಪನಿಯೇ ಹಣ ಕೊಟ್ಟು ಕೊಂಡಿತು. ಜಗತ್ತಿಗೆ ಮಗ್ಗ ಮಾರುತ್ತಿದ್ದ ದೇಶ ಜಪಾನಿನಿಂದ ಮಗ್ಗದ ವಿದ್ಯೆ ಕೊಂಡ ಸಂಗತಿ ಅದು. ಇಲ್ಲಿ ಯಂತ್ರ ಮಾಡಿದ್ದು ವೇಗ ಹೆಚ್ಚಿಸುವ ಕೆಲಸವನ್ನಲ್ಲ. ತಪ್ಪಾಯಿತೆಂದು ತಾನೇ ಅರಿತು ನಿಲ್ಲುವ ಗುಣ ಅದಕ್ಕೆ ಬಂತು, ಅದರಿಂದಾಗಿ ಮನುಷ್ಯನ ಕಣ್ಣಿಗೆ ಬಿಡುವು ಸಿಕ್ಕಿತು. ಕಡಿದಾಗ ಮಾತ್ರ ನೇಕಾರ ಬರಬೇಕು, ಕಡಿದಿಲ್ಲವೆಂದು ನೋಡಲು ಬರಬೇಕಾಗಿಲ್ಲ. ಇವತ್ತು ಸಾಫ್ಟ್‌ವೇರ್ ತಂಡವೊಂದರಲ್ಲಿ ಟೆಸ್ಟ್ ಒಂದು ಫೇಲ್ ಆದೊಡನೆ ಬಿಲ್ಡ್ ಕೆಂಪಾಗಿ ನಿಲ್ಲುತ್ತದಲ್ಲ, ಆ ವ್ಯವಸ್ಥೆಯ ಪೂರ್ವಜನನ್ನು ಕಂಪ್ಯೂಟರಿನ ಚರಿತ್ರೆಗಿಂತ ಮಗ್ಗದ ಚರಿತ್ರೆಯಲ್ಲಿ ಹುಡುಕುವುದು ಹೆಚ್ಚು ಸರಿ.

ಭಾರತದಲ್ಲಿ ಈ ಸ್ವಯಂಚಾಲಿತ ಮಗ್ಗಕ್ಕೆ ಸ್ವಾಗತ ಸಿಗಲಿಲ್ಲ, ಅದಕ್ಕೆ ಬಲವಾದ ಕಾರಣಗಳಿದ್ದವು. 1928ರಲ್ಲಿ ಮುಂಬಯಿಯ ಗಿರಣಿ ಮಾಲೀಕರು ಒಬ್ಬ ನೇಕಾರನಿಗೆ ಎರಡರ ಬದಲು ಮೂರು ಮಗ್ಗ ವಹಿಸಲು ಹೊರಟಾಗ ಆರು ತಿಂಗಳ ಮುಷ್ಕರ ನಡೆಯಿತು. 1955ರಲ್ಲಿ ಕಾನ್ಪುರದ ಗಿರಣಿ ಕಾರ್ಮಿಕರು ಇದೇ ಬಗೆಯ ಯೋಜನೆಯ ವಿರುದ್ಧ 80 ದಿನ ಕೆಲಸ ನಿಲ್ಲಿಸಿದರು. ಕೈಮಗ್ಗಗಳನ್ನೂ ಉದ್ಯೋಗವನ್ನೂ ಉಳಿಸಬೇಕೆಂಬ ಉದ್ದೇಶದಿಂದ ಕೇಂದ್ರ ಸರ್ಕಾರ 1950ರ ದಶಕದ ಮಧ್ಯದಿಂದ ಗಿರಣಿಗಳ ಮಗ್ಗಗಳ ಸಂಖ್ಯೆ ಹೆಚ್ಚದಂತೆ ತಡೆಹಿಡಿಯಿತು, ಸ್ವಯಂಚಾಲಿತ ಮಗ್ಗಗಳ ಸೇರ್ಪಡೆಯನ್ನೂ ಮಿತಿಗೊಳಪಡಿಸಿತು. ದಾವಣಗೆರೆಯ ಗಿರಣಿಗಳು ಬೆಳೆದದ್ದು ಈ ನೀತಿಯ ಚೌಕಟ್ಟಿನೊಳಗೇ. ಅಲ್ಲಿನ ಕಾರ್ಮಿಕ ಚಳವಳಿ ರಾಜ್ಯದ ಬಲಿಷ್ಠ ಚಳವಳಿಗಳಲ್ಲಿ ಒಂದಾಗಿತ್ತು. ಕಾರ್ಮಿಕ ನಾಯಕ ಪಂಪಾಪತಿ ಭಾರತ ಕಮ್ಯುನಿಸ್ಟ್ ಪಕ್ಷದಿಂದ 1978, 1983 ಮತ್ತು 1985ರ ಚುನಾವಣೆಗಳಲ್ಲಿ ಗೆದ್ದು ವಿಧಾನಸಭೆಗೆ ಹೋದದ್ದು ಆ ಬಲಕ್ಕೆ ಸಾಕ್ಷಿ. ಯಂತ್ರವನ್ನು ವಿರೋಧಿಸಿದವರನ್ನು ಪ್ರಗತಿಗೆ ಅಡ್ಡಿಯಾದವರೆಂದು ಹಳಿಯುವುದು ಸುಲಭ. ಆದರೆ ಅವರು ಕೇಳಿದ್ದು ತೀರಾ ನ್ಯಾಯವಾದ ಪ್ರಶ್ನೆ: ಒಬ್ಬನು ಎರಡು ಮಗ್ಗದ ಬದಲು ಇಪ್ಪತ್ತು ಮಗ್ಗ ನೋಡುವಂತಾದರೆ ಉಳಿದ ಒಂಬತ್ತು ಮಂದಿ ಎಲ್ಲಿಗೆ ಹೋಗಬೇಕು, ಉಳಿಸಿದ ಆ ದುಡಿಮೆಯ ಲಾಭ ಯಾರಿಗೆ ಸೇರಬೇಕು? ಮಾಲೀಕರ ಬಳಿ ಇದಕ್ಕೆ ಉತ್ತರವಿರಲಿಲ್ಲ. ಉತ್ತರ ಸಿಗದವರು ಬಾಗಿಲು ಹಾಕಿಕೊಳ್ಳುವುದು ಸಹಜ.

ಹಾಗೆ ಬಾಗಿಲು ಹಾಕಿಕೊಂಡರೂ ಉದ್ಯೋಗ ಉಳಿಯಲಿಲ್ಲ ಎಂಬುದನ್ನು ನಾವು ಮರೆಯುವಂತಿಲ್ಲ. ಗಿರಣಿಗಳಲ್ಲಿ ಹಳೆಯ ಮಗ್ಗಗಳು ಹಾಗೆಯೇ ಉಳಿದವು. ಹೊರಗೆ ಸಣ್ಣ ಶೆಡ್ಡುಗಳಲ್ಲಿ ಪವರ್‌ಲೂಮುಗಳು ಕಡಿಮೆ ಕೂಲಿ, ಕಡಿಮೆ ತೆರಿಗೆ, ಕಾನೂನಿನ ಕಣ್ಣಿಗೆ ಬೀಳದ ಪಾಳಿಗಳ ಬಲದಿಂದ ಬೆಳೆದವು. ಸಿಂಥೆಟಿಕ್ ಬಟ್ಟೆ ಬಂತು. ಭದ್ರಾ ನಾಲೆಯ ನೀರು ಬಂದ ಮೇಲೆ ದಾವಣಗೆರೆಯ ಸುತ್ತ ಹತ್ತಿ, ಜೋಳದ ಹೊಲಗಳಲ್ಲಿ ಭತ್ತ, ಕಬ್ಬು ಕಾಣಿಸಿಕೊಂಡವು. 1980ರ, 1990ರ ದಶಕಗಳಲ್ಲಿ ದಾವಣಗೆರೆಯ ಗಿರಣಿಗಳು ಒಂದೊಂದಾಗಿ ಮುಚ್ಚಿಕೊಂಡವು. ಆ ಸಾವಿರಾರು ಜನರ ಕೆಲಸವನ್ನು ಕಿತ್ತುಕೊಂಡದ್ದು ಎಳೆ ಕಡಿದರೆ ನಿಲ್ಲುವ ಮಗ್ಗವಲ್ಲ. ಅಂಥ ಮಗ್ಗ ಅಲ್ಲಿಗೆ ಬೇಕಾದ ಕಾಲಕ್ಕೆ, ಬೇಕಾದ ಪ್ರಮಾಣದಲ್ಲಿ ಬರಲೇ ಇಲ್ಲ. ಸ್ವಯಂಚಾಲನೆ ಬಂದಿದ್ದರೆ ಎಲ್ಲ ಗಿರಣಿಗಳೂ ಉಳಿಯುತ್ತಿದ್ದವು ಎಂದು ನಾನು ಹೇಳುತ್ತಿಲ್ಲ, ಹಾಗೆ ಹೇಳಲು ಆಧಾರ ಸಾಲದು. ತೆರಿಗೆ ನೀತಿ, ಬಂಡವಾಳವನ್ನು ಬೇರೆಡೆಗೆ ಸಾಗಿಸಿದ ಆಡಳಿತಗಳು, ಪೇಟೆಯ ಬದಲಾವಣೆ ಎಲ್ಲವೂ ಸೇರಿ ಗಿರಣಿ ಉದ್ಯಮವನ್ನು ಕುಗ್ಗಿಸಿದವು. ಆದರೆ ಪುನರಾವರ್ತನೆಯ ದುಡಿಮೆಯನ್ನು ಹಾಗೇ ಇಟ್ಟುಕೊಂಡರೆ ನೌಕರಿ ಭದ್ರವಾಗಿರುತ್ತದೆ ಎಂಬ ನಂಬಿಕೆಗೆ ದಾವಣಗೆರೆಯ ಅನುಭವದಲ್ಲಿ ಬೆಂಬಲವಿಲ್ಲ ಎಂಬುದನ್ನು ಖಚಿತವಾಗಿ ಹೇಳಬಹುದು. ದಣಿವೂ ಉಳಿಯಿತು, ಕೊನೆಗೆ ಕೆಲಸವೂ ಹೋಯಿತು.

ಹರಿಹರದ ಕಥೆ ಬೇರೆ ಬಗೆಯದು, ಈ ಲೇಖನದ ವಾದಕ್ಕೆ ಅದೇ ಹೆಚ್ಚು ಮುಖ್ಯ. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಮಾಡಿ, 1910ರಲ್ಲಿ ಕಿರ್ಲೋಸ್ಕರವಾಡಿ ಎಂಬ ಕಾರ್ಖಾನೆಯ ಊರನ್ನು ಕಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಉದ್ಯಮ ಸಮೂಹ 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಂಪನಿಯನ್ನು ಸ್ಥಾಪಿಸಿತು. ಎರಡನೇ ಮಹಾಯುದ್ಧದಿಂದಾಗಿ ಹೊರದೇಶದ ಯಂತ್ರಗಳು ಬರುವುದು ಕಷ್ಟವಾಗಿದ್ದ ಹೊತ್ತು ಅದು. ರೈಲು ಊರಲ್ಲೇ ಇತ್ತು, ತುಂಗಭದ್ರೆಯ ನೀರಿತ್ತು, ಭದ್ರಾವತಿಯ ಕಬ್ಬಿಣದ ಕಾರ್ಖಾನೆ ದೂರವಿರಲಿಲ್ಲ. ಹರಿಹರೇಶ್ವರ ದೇವಾಲಯಕ್ಕೆ ಹೆಸರಾದ ಊರು ಲೇತ್ ಯಂತ್ರಗಳಿಗೂ ಹೆಸರಾಯಿತು. ಎಂಟರ್‌ಪ್ರೈಸ್, ಟರ್ನ್‌ಮಾಸ್ಟರ್ ಎಂಬ ಹೆಸರಿನ ಇಲ್ಲಿನ ಲೇತುಗಳು ದೇಶದ ವರ್ಕ್‌ಶಾಪುಗಳಿಗೆ, ಐಟಿಐಗಳಿಗೆ, ಎಂಜಿನಿಯರಿಂಗ್ ಕಾಲೇಜುಗಳಿಗೆ ಹೋದವು. ಕರ್ನಾಟಕದಲ್ಲಿ ಟರ್ನರ್ ಕೆಲಸ ಕಲಿತ ಎಷ್ಟೋ ಮಂದಿ ಮೊದಲು ಕೈಯಿಟ್ಟದ್ದು ಹರಿಹರದ ಲೇತಿನ ಮೇಲೆ. ಗಿರಣಿಗೂ ಲೇತ್ ಕಾರ್ಖಾನೆಗೂ ಒಂದು ಮೂಲಭೂತ ವ್ಯತ್ಯಾಸವಿದೆ. ಲೇತ್ ಇತರ ಯಂತ್ರಗಳ ಭಾಗಗಳನ್ನು ಮಾಡುವ ಯಂತ್ರ. ಅದರ ತಪ್ಪು ಅದು ಮಾಡುವ ಪ್ರತಿಯೊಂದು ವಸ್ತುವಿಗೂ ಇಳಿಯುತ್ತದೆ. ಹಾಗಾಗಿ ಅಲ್ಲಿ ತಪಾಸಣೆಯೇ ಕಸುಬಿನ ಪ್ರಾಣ.

ಲೇತ್ ಒಂದನ್ನು ಕಾರ್ಖಾನೆಯಿಂದ ಹೊರಕ್ಕೆ ಕಳಿಸುವ ಮೊದಲು ಒಂದು ಟೆಸ್ಟ್ ಚಾರ್ಟಿನ ಪ್ರಕಾರ ಅದನ್ನು ಪರೀಕ್ಷಿಸುವುದು ಈ ಉದ್ಯಮದ ಪದ್ಧತಿ. ಬರ್ಲಿನ್ನಿನ ಪ್ರಾಧ್ಯಾಪಕ ಗಿಯೋರ್ಗ್ ಶ್ಲೆಸಿಂಗರ್ 1927ರಲ್ಲಿ ಪ್ರಕಟಿಸಿದ ಪರೀಕ್ಷಾ ಪುಸ್ತಕ ಇದಕ್ಕೆ ಜಗತ್ತಿನಾದ್ಯಂತ ಬುನಾದಿಯಾಯಿತು. ಮುಂದೆ ಭಾರತೀಯ ಮಾನಕಗಳಲ್ಲೂ ಅದೇ ಕ್ರಮ ಬಂತು. ಲೇತಿನ ತಿರುಗುವ ದಂಡವಾದ ಸ್ಪಿಂಡಲಿನ ರಂಧ್ರಕ್ಕೆ ನುಣುಪಾದ ಉಕ್ಕಿನ ಮ್ಯಾಂಡ್ರಲ್ ತೂರಿಸಿ, ಅದಕ್ಕೆ ಡಯಲ್ ಗೇಜಿನ ಮೊನೆ ತಾಗಿಸಿ, ಸ್ಪಿಂಡಲನ್ನು ನಿಧಾನಕ್ಕೆ ತಿರುಗಿಸಿ ಮುಳ್ಳು ಎಷ್ಟು ಅಲುಗುತ್ತದೆಂದು ನೋಡಬೇಕು. ಲೆಕ್ಕವೆಲ್ಲ ಮಿಲಿಮೀಟರಿನ ನೂರನೇ ಭಾಗದಲ್ಲಿ. ಆಮೇಲೆ ಲೇತಿನ ಉದ್ದನೆಯ ತಳವಾದ ಬೆಡ್ ನೇರವಾಗಿದೆಯೇ, ಕ್ಯಾರೇಜ್ ಅದಕ್ಕೆ ಸಮಾನಾಂತರವಾಗಿ ಓಡುತ್ತದೆಯೇ, ಹೆಡ್‌ಸ್ಟಾಕ್ ಮತ್ತು ಟೇಲ್‌ಸ್ಟಾಕುಗಳ ಸೆಂಟರು ಒಂದೇ ಎತ್ತರದಲ್ಲಿವೆಯೇ ಎಂಬ ಒಂದೊಂದೇ ಪ್ರಶ್ನೆ. ಪ್ರತಿ ಪ್ರಶ್ನೆಯ ಮುಂದೆ ಸಹಿಸಬಹುದಾದ ತಪ್ಪಿನ ಮಿತಿ, ಅದರ ಮುಂದೆ ನಿಜವಾಗಿ ಸಿಕ್ಕ ಅಳತೆ. ಈ ಚಾರ್ಟನ್ನು ಗಮನವಿಟ್ಟು ಓದಿದರೆ ಅದ್ಭುತವಾದ ಒಂದು ಸಂಗತಿ ಕಾಣುತ್ತದೆ. ಕೆಲವು ಕಡೆ ಅದು ತಪ್ಪಿನ ಪ್ರಮಾಣವನ್ನಷ್ಟೇ ಹೇಳದೆ ತಪ್ಪಿನ ದಿಕ್ಕನ್ನೂ ಹೇಳುತ್ತದೆ. ಲೇತಿನ ಬೆಡ್ ನಡುವೆ ಕೊಂಚ ಉಬ್ಬಿರಬಹುದು, ಎಂದಿಗೂ ತಗ್ಗಿರಬಾರದು. ಟೇಲ್‌ಸ್ಟಾಕಿನ ಸೆಂಟರು ಕೊಂಚ ಮೇಲಿರಬಹುದು, ಕೆಳಗಿರಬಾರದು. ಬಳಕೆಯಿಂದ ಬೆಡ್ ಸವೆಯುತ್ತ ಹೋಗುತ್ತದೆ, ಭಾರಕ್ಕೆ ಬಾಗುತ್ತದೆ, ಟೇಲ್‌ಸ್ಟಾಕಿನ ತಳ ಸವೆದು ಕೆಳಗಿಳಿಯುತ್ತದೆ. ಹೊಸದಿದ್ದಾಗ ಕೊಂಚ ಉಬ್ಬಿದ್ದದ್ದು ಕೆಲಸ ಮಾಡುತ್ತ ಮಾಡುತ್ತ ಸಮಕ್ಕೆ ಬರುತ್ತದೆ, ತಗ್ಗಿದ್ದದ್ದು ಇನ್ನೂ ತಗ್ಗುತ್ತದೆ. ಮಷೀನಿನ ಮುಂದಿನ ಹತ್ತಿಪ್ಪತ್ತು ವರ್ಷಗಳ ಬಾಳನ್ನು ಯೋಚಿಸಿದವರು ಮಾತ್ರ ಬರೆಯಬಲ್ಲ ಸಾಲುಗಳಿವು.

ಟೆಸ್ಟ್ ಚಾರ್ಟ್ ಬರೆಯುವುದು ಒಂದು ಕೆಲಸ, ಆ ಚಾರ್ಟಿನ ಪ್ರಕಾರ ಅಳೆಯುವುದು ಇನ್ನೊಂದು. ಇವೆರಡರ ಅಂತರ ಬಹಳ ದೊಡ್ಡದು. ಬರೆಯಲು ದಶಕಗಳ ಅನುಭವ ಬೇಕು, ಸವೆತದ ಜ್ಞಾನ ಬೇಕು, ಬಳಸುವವನ ಬಗ್ಗೆ ಕಾಳಜಿ ಬೇಕು. ಅಳೆಯಲು ಬೇಕಾದದ್ದು ಶಿಸ್ತು, ತಾಳ್ಮೆ. ಆ ಎರಡನೆಯ ಕೆಲಸದ ಒಂದೊಂದೇ ಭಾಗವನ್ನು ಉಪಕರಣಗಳು ವಹಿಸಿಕೊಳ್ಳುತ್ತ ಬಂದಿವೆ. ಬಿಡಿಭಾಗವೊಂದರ ರಂಧ್ರ ಸರಿಯಿದೆಯೇ ಎಂದು ನೋಡಲು ಪ್ರತಿ ಸಲ ಮೈಕ್ರೋಮೀಟರ್ ಹಿಡಿದು ಅಂಕಿ ಓದಬೇಕಾಗಿಲ್ಲ. ಒಂದು ತುದಿ ಒಳಗೆ ಹೋಗಬೇಕು, ಇನ್ನೊಂದು ತುದಿ ಹೋಗಬಾರದು ಎಂಬ ಗೋ–ನೋಗೋ ಗೇಜ್ ಸಾಕು. ಗೇಜ್ ಮಾಡುವವನು ಒಮ್ಮೆ ಯೋಚಿಸಿ ಮಿತಿಯನ್ನು ಉಕ್ಕಿನಲ್ಲಿ ಕೆತ್ತಿಟ್ಟರೆ ಆಮೇಲೆ ಸಾವಿರ ಭಾಗಗಳನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ಇದರಿಂದ ಫಿಟ್ಟರನ ಗೌರವ ಕಡಿಮೆಯಾಗಲಿಲ್ಲ. ಬೆಡ್ಡಿನ ಮೇಲ್ಮೈಗೆ ಬಣ್ಣ ಸವರಿ, ಎತ್ತರದ ಚುಕ್ಕೆಗಳನ್ನು ಗುರುತಿಸಿ, ಸ್ಕ್ರೇಪರಿನಿಂದ ಕೆರೆದು ಸಮ ಮಾಡುವ ಅವನ ಕೈಚಳಕಕ್ಕೆ ಹೆಚ್ಚು ಹೊತ್ತು ಸಿಕ್ಕಿತು.

ಸಾಫ್ಟ್‌ವೇರಿನಲ್ಲಿ ನಡೆದದ್ದೂ ಇದೇ. ಒಂದು ಟೆಸ್ಟ್ ಕೇಸಿನಲ್ಲಿ ಮಾಡಬೇಕಾದ ಕ್ರಮ, ಬರಬೇಕಾದ ಫಲಿತಾಂಶ, ನಿಜವಾಗಿ ಬಂದ ಫಲಿತಾಂಶ ಎಂಬ ಕಲಮುಗಳಿರುತ್ತವೆ. ಲೇತಿನ ಚಾರ್ಟನ್ನು ಪಕ್ಕಕ್ಕಿಟ್ಟು ನೋಡಿದರೆ ಎರಡರ ರಚನೆಯೂ ಒಂದೇ. ಪ್ರೋಗ್ರಾಮರುಗಳಾದ ಕೆಂಟ್ ಬೆಕ್ ಮತ್ತು ಎರಿಕ್ ಗಾಮಾ 1997ರಲ್ಲಿ ವಿಮಾನ ಪ್ರಯಾಣವೊಂದರಲ್ಲಿ ಜೊತೆಯಾಗಿ ಕೂತು ಜೆಯುನಿಟ್ ಎಂಬ ಪರೀಕ್ಷಾ ಸಾಧನವನ್ನು ಬರೆದರು. ಪ್ರೋಗ್ರಾಮರ್ ತಾನು ಬರೆದ ಕೋಡಿನ ಪಕ್ಕದಲ್ಲೇ ಅದರ ಪರೀಕ್ಷೆಯನ್ನೂ ಬರೆದಿಟ್ಟು ಬೇಕೆಂದಾಗ ಓಡಿಸುವ ರೂಢಿ ಅದರಿಂದ ವ್ಯಾಪಕವಾಯಿತು. 2004ರಲ್ಲಿ ಶಿಕಾಗೋದ ಥಾಟ್‌ವರ್ಕ್ಸ್ ಕಂಪನಿಯಲ್ಲಿ ಜೇಸನ್ ಹಗಿನ್ಸ್ ಒಳಬಳಕೆಯ ಒಂದು ಸಮಯ ಮತ್ತು ಖರ್ಚಿನ ಲೆಕ್ಕದ ತಂತ್ರಾಂಶವನ್ನು ಬ್ರೌಸರಿನಲ್ಲಿ ಪದೇ ಪದೇ ಕೈಯಿಂದ ಪರೀಕ್ಷಿಸಬೇಕಾಗಿ ಬಂದಾಗ ಅದನ್ನು ತಪ್ಪಿಸಲು ಒಂದು ಸಾಧನ ಮಾಡಿಕೊಂಡರು. ಅದೇ ಬೆಳೆದು ಸೆಲೆನಿಯಂ ಆಯಿತು. ಇವತ್ತು ಕರ್ನಾಟಕದ ಕಂಪನಿಗಳಲ್ಲಿ ಆಟೊಮೇಷನ್ ಟೆಸ್ಟರ್ ಹುದ್ದೆಗೆ ಹೋಗುವವರೆಲ್ಲ ಕಲಿಯುವ ಸಾಧನಗಳಲ್ಲಿ ಅದು ಮುಂಚೂಣಿಯಲ್ಲಿದೆ. ಅದು ಹುಟ್ಟಿದ್ದು ಯಾವ ದೊಡ್ಡ ಸಿದ್ಧಾಂತದಿಂದಲೂ ಅಲ್ಲ, ಒಂದೇ ಗುಂಡಿಯನ್ನು ಒತ್ತಿ ಒತ್ತಿ ಬೇಸತ್ತದ್ದರಿಂದ. ಹಾಸಿನ ಎಳೆಗಳನ್ನು ದಿಟ್ಟಿಸುತ್ತಿದ್ದ ನೇಕಾರನಿಗೆ ಆ ಬೇಸರ ಚೆನ್ನಾಗಿ ಅರ್ಥವಾಗುತ್ತಿತ್ತು.

ಇಲ್ಲಿ ಅನುಭವಿಗಳು ಎತ್ತುವ ಆಕ್ಷೇಪ ಒಂದಿದೆ. ಸ್ಕ್ರಿಪ್ಟ್ ಹೇಳಿದ್ದನ್ನಷ್ಟೇ ನೋಡುತ್ತದೆ, ಹೇಳದೆ ಬಿಟ್ಟದ್ದು ಅದಕ್ಕೆ ಕಾಣುವುದಿಲ್ಲ, ಮನುಷ್ಯನ ಕಣ್ಣಾದರೆ ಪಕ್ಕದಲ್ಲಿ ನಡೆದದ್ದನ್ನೂ ಗಮನಿಸುತ್ತದೆ. ಇದು ನಿಜ. 1996ರ ಜೂನ್ 4ರಂದು ಯುರೋಪಿನ ಏರಿಯಾನ್ 5 ರಾಕೆಟ್ ತನ್ನ ಮೊದಲ ಹಾರಾಟದಲ್ಲಿ ಒಂದು ನಿಮಿಷವೂ ಕಳೆಯುವ ಮೊದಲೇ ನಾಶವಾಯಿತು. ಏರಿಯಾನ್ 4ರಲ್ಲಿ ಚೆನ್ನಾಗಿ ನಡೆದಿದ್ದ ತಂತ್ರಾಂಶದ ಒಂದು ಭಾಗವನ್ನು ಹಾಗೆಯೇ ತಂದು ಹಾಕಿದ್ದರು. ಹೊಸ ರಾಕೆಟ್ಟಿನ ವೇಗಕ್ಕೆ ಒಂದು ಸಂಖ್ಯೆ ತನ್ನ ಮಿತಿ ಮೀರಿತು. ಹೊಸ ಹಾರಾಟದ ಪಥವನ್ನು ಕೊಟ್ಟು ಆ ಭಾಗವನ್ನು ಪರೀಕ್ಷಿಸಬೇಕೆಂದು ಯಾರೂ ಪಟ್ಟಿಯಲ್ಲಿ ಬರೆದಿರಲಿಲ್ಲ. ಆದರೆ ಈ ಉದಾಹರಣೆ ಆಕ್ಷೇಪವನ್ನು ಎಷ್ಟು ಬೆಂಬಲಿಸುತ್ತದೋ ನನ್ನ ಮಾತನ್ನೂ ಅಷ್ಟೇ ಬೆಂಬಲಿಸುತ್ತದೆ. ಅಲ್ಲಿ ಕೊರತೆಯಾದದ್ದು ಗುಂಡಿ ಒತ್ತುವ ಕೈಗಳಲ್ಲ, ಕೇಳಬೇಕಾದ ಪ್ರಶ್ನೆಯನ್ನು ಕೇಳುವ ಬುದ್ಧಿ. ಇನ್ನೂರು ಟೆಸ್ಟ್ ಕೇಸುಗಳನ್ನು ಇಪ್ಪತ್ತನೆಯ ಸಲ ಕೈಯಿಂದ ನಡೆಸುತ್ತಿರುವ ತಂಡಕ್ಕೆ ಆ ಪ್ರಶ್ನೆ ಹೊಳೆಯಲು ಪುರುಸೊತ್ತಾದರೂ ಎಲ್ಲಿ? ಇನ್ನೊಂದು ಮಾತೂ ಇದೆ. ಸ್ಕ್ರಿಪ್ಟುಗಳೇ ತಪ್ಪಾಗಿರಬಹುದು, ಎಲ್ಲ ಸರಿಯಿದೆ ಎಂದು ಹಸಿರು ತೋರಿಸುತ್ತಲೇ ಇರಬಹುದು. ಲೇತ್ ಕಸುಬಿನವರಿಗೆ ಇದು ಹೊಸ ಮಾತಲ್ಲ. ಗೇಜೂ ಸವೆಯುತ್ತದೆ. ಹಾಗಾಗಿ ಗೇಜುಗಳನ್ನು ಗೊತ್ತಾದ ಅವಧಿಗೆ ನಿಖರ ಅಳತೆಯ ತುಂಡುಗಳಾದ ಸ್ಲಿಪ್ ಗೇಜುಗಳೊಡನೆ ಹೋಲಿಸಬೇಕು, ಆ ಸ್ಲಿಪ್ ಗೇಜುಗಳನ್ನು ಇನ್ನೂ ನಿಖರವಾದವುಗಳೊಡನೆ ಹೋಲಿಸಬೇಕು ಎಂಬ ನಿಯಮ ಅಲ್ಲಿದೆ. ಬೇಕೆಂದೇ ಕೋಡಿನಲ್ಲಿ ತಪ್ಪು ಸೇರಿಸಿ ತಮ್ಮ ಟೆಸ್ಟುಗಳು ಅದನ್ನು ಹಿಡಿಯುತ್ತವೆಯೇ ಎಂದು ನೋಡುವ ಪದ್ಧತಿ ಸಾಫ್ಟ್‌ವೇರಿನಲ್ಲೂ ಇದೆ, ಆದರೆ ಅದನ್ನು ನಿಯಮವಾಗಿ ಪಾಲಿಸುವ ತಂಡಗಳು ಕಡಿಮೆ. ಈ ವಿಷಯದಲ್ಲಿ ಹಳೆಯ ಕಸುಬಿನ ಶಿಸ್ತು ಹೊಸದಕ್ಕಿಂತ ಮೇಲು ಎಂದೇ ನನ್ನ ಅಭಿಪ್ರಾಯ.

ಇನ್ನೊಂದು ಆಕ್ಷೇಪವನ್ನು ದಾಟಿ ಹೋಗಲಾಗದು. ತಪಾಸಣೆಯನ್ನು ಇಷ್ಟು ಗೌರವದಿಂದ ಕಂಡ ಹರಿಹರದ ಕಾರ್ಖಾನೆಯೂ ಮುಚ್ಚಿತಲ್ಲ? ಹೌದು, ಹೊಸ ಶತಮಾನದ ಆರಂಭದ ವರ್ಷಗಳಲ್ಲಿ ಮೈಸೂರು ಕಿರ್ಲೋಸ್ಕರ್ ಮುಚ್ಚಿತು, ಹರಿಹರಕ್ಕೆ ಅದು ದೊಡ್ಡ ಪೆಟ್ಟು. 1991ರ ನಂತರ ಆಮದು ಸುಂಕ ಇಳಿದು ಹೊರದೇಶದ ಹೊಸ, ಹಳೆ ಯಂತ್ರಗಳು ಒಳಬಂದವು. ಸಾಮಾನ್ಯ ಲೇತುಗಳ ಜಾಗಕ್ಕೆ ಕಂಪ್ಯೂಟರ್ ನಿಯಂತ್ರಿತ ಸಿಎನ್‌ಸಿ ಯಂತ್ರಗಳು ಬಂದವು. ತೊಂಬತ್ತರ ದಶಕದ ಕೊನೆಯ ಕೈಗಾರಿಕಾ ಹಿಂಜರಿತ ದೇಶದ ಇಡೀ ಯಂತ್ರೋಪಕರಣ ಉದ್ಯಮವನ್ನು ತಟ್ಟಿತು, ಬೆಂಗಳೂರಿನ ಎಚ್‌ಎಂಟಿಯಂಥ ಸಾರ್ವಜನಿಕ ಉದ್ಯಮವೂ ಇದೇ ಕಾಲದಲ್ಲಿ ಕುಗ್ಗಿತು. ಒಳ್ಳೆಯ ತಪಾಸಣೆ ಉತ್ಪನ್ನವನ್ನು ಕಾಯುತ್ತದೆ, ಪೇಟೆಯನ್ನು ಕಾಯಲಾರದು. ಅಷ್ಟನ್ನು ಒಪ್ಪಿಕೊಳ್ಳಬೇಕು. ಆದರೆ ಎರಡು ಮುಚ್ಚುವಿಕೆಗಳ ನಡುವೆ ಒಂದು ವ್ಯತ್ಯಾಸವಿದೆ. ಗಿರಣಿಯಲ್ಲಿ ಎಳೆ ಕಾದ ಅನುಭವಕ್ಕೆ ಗಿರಣಿಯ ಹೊರಗೆ ಬೆಲೆಯಿರಲಿಲ್ಲ. ಡಯಲ್ ಗೇಜ್ ಓದಲು, ಡ್ರಾಯಿಂಗ್ ಅರ್ಥ ಮಾಡಿಕೊಳ್ಳಲು, ತಪ್ಪಿನ ಮೂಲ ಹುಡುಕಲು ಕಲಿತವನು ಬೇರೆ ವರ್ಕ್‌ಶಾಪಿನಲ್ಲೂ ಬದುಕಬಲ್ಲ, ಸ್ವಂತ ಲೇತ್ ಹಾಕಿಕೊಂಡೂ ಬದುಕಬಲ್ಲ. ತೀರ್ಪು ಕೊಡುವ ಬುದ್ಧಿ ಒಂದು ಗೇಟಿನೊಳಗೆ ಉಳಿಯುವಂಥದ್ದಲ್ಲ.

ಎಲ್ಲಕ್ಕಿಂತ ತೂಕದ ಆಕ್ಷೇಪ ಕೊನೆಯದು. ದಾವಣಗೆರೆಯಲ್ಲಿ 1951ರಲ್ಲಿ ಬಿಡಿಟಿ ಎಂಜಿನಿಯರಿಂಗ್ ಕಾಲೇಜು, 1979ರಲ್ಲಿ ಬಾಪೂಜಿ ಎಂಜಿನಿಯರಿಂಗ್ ಕಾಲೇಜು, ಆಮೇಲೆ ಇನ್ನೂ ಹಲವು ಬಂದವು. ಗಿರಣಿಯ ಊರು ಕಾಲೇಜಿನ ಊರಾಯಿತು. ಸುತ್ತಲಿನ ಹಳ್ಳಿಗಳ, ಸಣ್ಣ ಊರುಗಳ ಮಕ್ಕಳಿಗೆ ಬೆಂಗಳೂರಿನ ಕಂಪನಿಗಳಲ್ಲಿ ಸಿಗುವ ಮೊದಲ ಮೆಟ್ಟಿಲುಗಳಲ್ಲಿ ಮ್ಯಾನುಯಲ್ ಟೆಸ್ಟಿಂಗ್ ಒಂದು. ಇಂಗ್ಲಿಷ್ ಸರಾಗವಿಲ್ಲದಿದ್ದರೂ ಕೋಡಿಂಗಿನಲ್ಲಿ ಪಳಗಿರದಿದ್ದರೂ ಶ್ರದ್ಧೆಯಿದ್ದರೆ ಅಲ್ಲಿ ಕಾಲೂರಬಹುದು. ಸ್ಕ್ರಿಪ್ಟುಗಳು ಆ ಮೆಟ್ಟಿಲನ್ನೇ ತೆಗೆದುಹಾಕಿದರೆ ಅವರು ಹತ್ತುವುದು ಹೇಗೆ? ಈಗ ಸ್ಕ್ರಿಪ್ಟನ್ನೂ ತಾನೇ ಬರೆಯುವ ಕೃತಕ ಬುದ್ಧಿಮತ್ತೆ ಬಂದಿರುವಾಗ ಈ ಭಯ ಇನ್ನೂ ಹೆಚ್ಚು. ದಾವಣಗೆರೆಯ ಕಾರ್ಮಿಕರು ಕೇಳಿದ್ದ ಪ್ರಶ್ನೆಯೇ ಇದು, ಅಷ್ಟೇ ನ್ಯಾಯವಾದದ್ದು. ಇದಕ್ಕೆ ಕಂಪನಿಗಳು ಕೊಡಬೇಕಾದ ಉತ್ತರವಿದೆ: ಆಟೊಮೇಷನ್ನಿನಿಂದ ಉಳಿದ ಗಂಟೆಗಳಲ್ಲಿ ಒಂದು ಪಾಲನ್ನು ಆ ಕೆಲಸ ಮಾಡುತ್ತಿದ್ದವರ ಕಲಿಕೆಗೇ ಮೀಸಲಿಡಬೇಕು. ಅಂಥ ಒಪ್ಪಂದವಿಲ್ಲದೆ ಬಂದ ಯಂತ್ರವನ್ನು ಕಾರ್ಮಿಕ ನಂಬದಿದ್ದರೆ ತಪ್ಪು ಅವನದಲ್ಲ. ಕಾಲೇಜುಗಳು ಕೊಡಬೇಕಾದ ಉತ್ತರವೂ ಇದೆ. ಸಾಧನಗಳ ಹೆಸರು ಕಲಿಸಿ, ಅವುಗಳ ಆಜ್ಞೆಗಳನ್ನು ಬಾಯಿಪಾಠ ಮಾಡಿಸಿ ಟೆಸ್ಟಿಂಗ್ ಕಲಿಸಿದೆವೆಂದರೆ ಸಾಲದು. ಆ ಸಾಧನಗಳು ಐದು ವರ್ಷಕ್ಕೊಮ್ಮೆ ಬದಲಾಗುತ್ತವೆ. ಯಾವುದನ್ನು ಪರೀಕ್ಷಿಸಬೇಕು, ಎಷ್ಟು ತಪ್ಪು ಸಹ್ಯ, ಯಾವ ದಿಕ್ಕಿನ ತಪ್ಪು ಅಪಾಯ ಎಂದು ಯೋಚಿಸುವುದನ್ನು ಕಲಿಸಬೇಕು. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ, ಐಟಿಐಗಳ ವರ್ಕ್‌ಶಾಪುಗಳಲ್ಲಿ ಹರಿಹರದ ಲೇತುಗಳು ಇನ್ನೂ ನಿಂತಿವೆ. ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗಳನ್ನು ಟೆಸ್ಟಿಂಗಿನ ಮೊದಲ ಪಾಠಕ್ಕೆ ಅಲ್ಲಿಗೆ ಕರೆದೊಯ್ಯಿರಿ. ಒಂದು ಟೆಸ್ಟ್ ಚಾರ್ಟ್ ಮತ್ತು ಡಯಲ್ ಗೇಜ್ ಕೈಗೆ ಕೊಟ್ಟು ಬೆಡ್ ಉಬ್ಬಿರಬಹುದು, ತಗ್ಗಿರಬಾರದು ಏಕೆ ಎಂದು ಕೇಳಿ, ಉತ್ತರವನ್ನು ಅವರೇ ಹುಡುಕಲಿ. ಮೊದಲ ಸ್ಕ್ರಿಪ್ಟನ್ನು ಅದಾದ ಮೇಲೆ ಬರೆಯಿಸಿ.